ಇನ್ನೊಮ್ಮೆ ಎಂಬ ಹಸಿವು

ಅನ್ನವನ್ನು ತೊರೆದ ದಿನ ಕಿವಿಗೂ ಉಪವಾಸವುಂಟೇ? ಕಳೆದ ವರ್ಷದ ಒಂದು ಚತುರ್ದಶಿಯಂದು ಈ ಪ್ರಶ್ನೆ ನನ್ನನ್ನು ಕಾಡಿತು.

ಅಂದು ನನಗೆ ಪ್ರೋಷಧೋಪವಾಸ. ಸಂಜೆ ದಾವಣಗೆರೆಯಲ್ಲಿ ಹಳೆಯ ರಂಗಗೀತೆಗಳ ಗಾಯನವಿದೆಯೆಂದು ತಿಳಿದೊಡನೆ ಹರಿಹರದಿಂದ ಹೊರಟು ನಿಂತೆ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದು. ಅದು ಅಲ್ಲಿ ಕ್ಯಾಂಪ್ ಹಾಕಿದಾಗಲೆಲ್ಲ ಹೋಗಿ, ಚಿಂದೋಡಿ ಲೀಲಾ ಅವರ ನಾಟಕ ನೋಡಿ, ನಡುರಾತ್ರಿ ತುಂಗಭದ್ರೆಯ ದಂಡೆಗೆ ಮರಳುವುದು ನನ್ನ ತಾರುಣ್ಯದ ಕ್ರಮವಾಗಿತ್ತು. ಜೊತೆಗೆ ಒಬ್ಬ ಗೆಳೆಯ. ಪದ ಮುಗಿಯುತ್ತಲೇ “ಒನ್ಸ್ ಮೋರ್” ಎಂದು ಮೊದಲು ಕೂಗುವವನು ಅವನೇ.

“ಉಪವಾಸದ ದಿನವೂ ಹೋಗಲೇಬೇಕೇ?” ಎಂದು ಮನೆಯಾಕೆ ಕೇಳಿದಳು.

“ಊಟಕ್ಕೆ ಹೋಗುತ್ತಿಲ್ಲವಲ್ಲ” ಎಂದೆ.

ಸಭೆಯಲ್ಲಿ ಚಹಾ ಬಂದಾಗ ಹೆಮ್ಮೆಯಿಂದಲೇ ನಿರಾಕರಿಸಿದೆ. ಹಾರ್ಮೋನಿಯಂ ಶ್ರುತಿ ಹಿಡಿಯಿತು. ಲೀಲಾ ಅವರು 2010ರಲ್ಲಿಯೇ ಅಗಲಿದ್ದರು. ಅಂದು ಹಾಡಿದವಳು ಎಳೆಯ ಹುಡುಗಿ. ಸಭೆ ತಲೆದೂಗಿತು. ಪದ ಮುಗಿದಾಗ “ಒನ್ಸ್ ಮೋರ್” ಎಂದು ಕೂಗಿದ ದನಿ ನನ್ನದೇ ಆಗಿತ್ತು. ಕೂಗಿ, ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಅಲ್ಲಿ ಯಾರೋ ಅಪರಿಚಿತರು ಕುಳಿತಿದ್ದರು. ಗೆಳೆಯನು ತೀರಿಕೊಂಡು ಆರು ವರ್ಷಗಳಾಗಿದ್ದವು.

ಆಗ ಪಂಪನ ಆದಿಪುರಾಣದ ನೀಲಾಂಜನೆ ನೆನಪಾದಳು. ನರ್ತಿಸುತ್ತಿರುವಂತೆಯೇ ಅವಳ ಆಯುಷ್ಯ ತೀರಿತು. ರಸಭಂಗವಾಗದಿರಲೆಂದು ಇಂದ್ರನು ಅವಳಂಥ ಮತ್ತೊಬ್ಬಳನ್ನು ನಿಲ್ಲಿಸಿದನು. ಸಭೆಯು ಭೇದವನ್ನರಿಯದೆ ನಲಿಯಿತು. ವೃಷಭಸ್ವಾಮಿಯೊಬ್ಬರೇ ಅರಿತು ವಿರಕ್ತರಾದರು. ನಾನೂ ಅರೆಗಳಿಗೆ ಭೇದವನ್ನು ಕಂಡೆ. ಆದರೆ ನನಗೆ ವಿರಕ್ತಿ ಬರಲಿಲ್ಲ. ಹೋದದ್ದೇ ಮರಳಿ ಬರಲೆಂಬ ಹಂಬಲ ಬಂದಿತು.

ಶಬ್ದಾದಿ ವಿಷಯಗಳಲ್ಲಿ ಐದೂ ಇಂದ್ರಿಯಗಳ ಔತ್ಸುಕ್ಯವು ಅಡಗಿರುವುದೇ ಉಪವಾಸವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಬಾಲ್ಯದ ಸಖರನ್ನು ನೆನೆಯುವ ‘ಮಿತ್ರಾನುರಾಗ’, ಅನುಭವಿಸಿದ ಸುಖವನ್ನು ನೆನೆಯುವ ‘ಸುಖಾನುಬಂಧ’ ಇವೆರಡನ್ನೂ ತತ್ತ್ವಾರ್ಥಸೂತ್ರವು ಸಲ್ಲೇಖನೆಯ ಅತಿಚಾರಗಳಲ್ಲಿ ಎಣಿಸಿದೆ. ಇದು ನನಗೆ ಬಹುಕಾಲ ಕಠೋರವೆನಿಸಿತ್ತು. ಸತ್ತ ಗೆಳೆಯನನ್ನು ನೆನೆಯುವುದೂ ದೋಷವೇ?

ನೆನಪು ತಾನಾಗಿ ಬರುತ್ತದೆ. ಬಂದುದನ್ನು ಹಿಡಿದು “ಇನ್ನೊಮ್ಮೆ” ಎನ್ನುವವರು ನಾವು. ಆ ಕೂಗಿನಲ್ಲಿಯೇ ಬಂಧವಿದೆ ಎಂದು ಈಗ ತೋರುತ್ತದೆ. ಒಂದು ಪದ ಮುಗಿದಾಗ ಬಿಡಲಾರದವನು ಆಯುಷ್ಯ ಮುಗಿಯುವಾಗ ಬಿಡಬಲ್ಲನೇ? ಅಂತ್ಯಕಾಲದ ವ್ರತಕ್ಕೆ ಅಭ್ಯಾಸ ಇಂಥ ಸಣ್ಣ ಸಂಜೆಗಳಲ್ಲಿಯೇ ನಡೆಯಬೇಕು.

ಮರುದಿನ ಪಾರಣೆಯ ಹೊತ್ತಿಗೆ ಮನೆಯಾಕೆ ಏನನ್ನೂ ಕೇಳಲಿಲ್ಲ. ನಾನೇ ಹೇಳಿದೆ: “ಹೊಟ್ಟೆಯ ಉಪವಾಸ ಮುಗಿಯಿತು. ಕಿವಿಯದನ್ನು ಮುಂದಿನ ಚತುರ್ದಶಿಯಿಂದ ಆರಂಭಿಸಬೇಕು.”