ಬಾಯಲ್ಲಿ ಬಸಿರು

"ಮೀನು ಉಪವಾಸ ಹಿಡದದ ಏನೋ?" ಎಂದು ಅವ್ವ ಕೇಳಿದ್ದು ಒಂದು ಗುರುವಾರ. ಅಕ್ಕಲಕೋಟೆಯಲ್ಲಿ ಗುರುವಾರವೆಂದರೆ ಸ್ವಾಮಿ ಸಮರ್ಥರ ವಾರ. ವಟವೃಕ್ಷ ದೇವಸ್ಥಾನಕ್ಕೆ ಹೋಗಿಬಂದವಳು ಸಾಬುದಾಣಿ ಖಿಚಡಿಗೆ ಶೇಂಗಾ ಕುಟ್ಟುತ್ತ ಪಡಸಾಲೆಯಲ್ಲಿ ಕೂತಿದ್ದಳು. ಎದುರಿಗೆ ನಾಲ್ಕು ಅಡಿಯ ಗಾಜಿನ ತೊಟ್ಟಿ. ನಾನು ಕಾಳು ಉದುರಿಸಿದೆ. ಗಂಡುಮೀನು ಬಂದು ತಿಂದಿತು, ಒಂದು ಹೆಣ್ಣೂ ಬಂತು. ಇನ್ನೊಂದು ಹೆಣ್ಣು ಮಾತ್ರ ಕಲ್ಲಿನ ಮರೆ ಬಿಟ್ಟು ಅಲ್ಲಾಡಲಿಲ್ಲ. ಬಾಯಿ ಬಿಗಿಹಿಡಿದಿತ್ತು. ಗದ್ದದ ಕೆಳಗೆ ಸಣ್ಣ ಚೀಲದಂತೆ ಉಬ್ಬು. ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡ ಮುದುಕಿಯ ಹಾಗೆ ಆಗೊಮ್ಮೆ ಈಗೊಮ್ಮೆ ಮೆಲ್ಲಗೆ ಬಾಯಾಡಿಸುತ್ತಿತ್ತು.

"ಉಪವಾಸಲ್ಲವ್ವ, ಬಸುರಿ ಅದ. ತತ್ತಿ ಬಾಯಾಗ ಇಟ್ಕೊಂಡದ."

ಕುಟ್ಟಾಣಿಯ ಸದ್ದು ನಿಂತಿತು.

ಈ ಮೀನಿನ ಹೆಸರು ಲಿವಿಂಗ್‌ಸ್ಟೋನಿ. ತವರು ಆಫ್ರಿಕದ ಮಲಾವಿ ಸರೋವರ. ಸರೋವರವೆಂದರೆ ನಮ್ಮ ಅಳತೆಯ ಕೆರೆಯಲ್ಲ. ಉದ್ದ ಸುಮಾರು 580 ಕಿಲೋಮೀಟರ್, ಆಳ 700 ಮೀಟರ್. ಅದರಲ್ಲಿರುವ ನೂರಾರು ಜಾತಿಯ ಸಿಕ್ಲಿಡ್ ಮೀನುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಭೂಮಿಯ ಮೇಲೆ ಇನ್ನೆಲ್ಲಿಯೂ ಹುಟ್ಟಿದವಲ್ಲ. ಸೊಲ್ಲಾಪುರದ ಅಂಗಡಿಯವರು ನನಗಾಗಿ ಮುಂಬೈಯಿಂದ ತರಿಸಿಕೊಟ್ಟರು: ಒಂದು ಗಂಡು, ಎರಡು ಹೆಣ್ಣು, ಆಕ್ಸಿಜನ್ ತುಂಬಿದ ಮೂರು ಪ್ಲಾಸ್ಟಿಕ್ ಚೀಲ, ಒಂದು ಥರ್ಮೋಕೋಲ್ ಪೆಟ್ಟಿಗೆ. ಒಂದು ಒಳ್ಳೆಯ ಇಳಕಲ್ ಸೀರೆಯ ದುಡ್ಡು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎಸ್.ಟಿ. ಬಸ್ಸಿನಲ್ಲಿ ಊರಿಗೆ ತಂದೆ. ಚೀಲಗಳನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಬಟ್ಟಲು ಬಟ್ಟಲಾಗಿ ನಮ್ಮ ನೀರು ಬೆರೆಸಿ, ರಾತ್ರಿ ಹತ್ತಕ್ಕೆ ಮೀನು ಬಿಟ್ಟೆ. ಕೌದಿಗೆ ಹಚ್ಚಿದ ತೇಪೆಗಳಂಥ ಕಂದು ಮಚ್ಚೆಗಳು ಬೆಳ್ಳಿಮೈಯ ಮೇಲೆ.

ಮಾರನೆಯ ಬೆಳಿಗ್ಗೆ ಗಂಡು ಉಸುಕಿನ ಮೇಲೆ ಒಂದು ಮಗ್ಗುಲಾಗಿ ಬಿದ್ದಿತ್ತು. ಎದೆ ಧಸಕ್ಕೆಂದಿತು. ಜಾಲರಿ ಇಳಿಸಿದೊಡನೆ ಚಂಗನೆ ಎದ್ದು ಓಡಿತು! ಇದು ಅದರ ಬೇಟೆಯ ಬಗೆ: ಸತ್ತಂತೆ ಬಿದ್ದಿರುವುದು, ಹೆಣವೆಂದು ಕಚ್ಚಲು ಬಂದ ಸಣ್ಣ ಮೀನನ್ನು ಗಬಕ್ಕನೆ ಹಿಡಿಯುವುದು. ಅಲ್ಲಿನ ಬೆಸ್ತರು ಇದನ್ನು ಕಲಿಗೋನೊ ಎನ್ನುತ್ತಾರೆ, ನಿದ್ದೆಗಾರ ಎಂದು ಅರ್ಥ.

ಇದಕ್ಕೂ ಮುಂಚೆ ಡಿಸ್ಕಸ್ ತಂದಿದ್ದೆ. ಅಮೆಜಾನಿನ ಮೀನು, ಬಿಲ್ಲೆಯಂತೆ ದುಂಡಗೆ, ಬಲು ಚೆಲುವು. ಹದಿನೈದು ದಿನದೊಳಗೆ ಒಂದೊಂದಾಗಿ ತೀರಿಕೊಂಡವು. ತಪ್ಪು ನನ್ನದೇ. ಆ ಮೀನಿನ ತವರಿನದು ಮೆದು ನೀರು, ತುಸು ಆಮ್ಲ. ನಮ್ಮ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಹಂಡೆಯ ತಳಕ್ಕೆ ಬಿಳಿ ಹೆಕ್ಕಳಿಕೆ ಕಟ್ಟುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಇಲ್ಲಿ ಕರಿಗಲ್ಲಾಗಿ ಕೂತಿದೆ. ಮಳೆನೀರು ಆ ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಅದರ ಸುಣ್ಣ, ಮೆಗ್ನೀಸಿಯಂ ಕರಗಿಸಿಕೊಂಡು ಗಡಸಾಗುತ್ತದೆ. ಹುಟ್ಟಿದಾಗಿನಿಂದ ಬೈದುಕೊಂಡು ಕುಡಿದ ನೀರು ಇದು. ಮಲಾವಿಯ ನೀರೂ ಕ್ಷಾರದ್ದೇ, ಪಿಎಚ್ 7.7ರಿಂದ 8.6. ಯಾವ ಔಷಧ, ಯಾವ ಉಪ್ಪೂ ಬೆರೆಸದೆ, ಬೇಳೆ ಬೇಯದ ಈ ನೀರಿನಲ್ಲೇ ಆ ಮೀನು ಬಸಿರಾಯಿತು. ನನಗೆ ಕೈ ಮುಗಿಯುವಂತಾಯಿತು, ಮೀನಿಗೋ ಬೋರಿಗೋ ತಿಳಿಯದು.

"ಎಷ್ಟ ದಿನ ಹಂಗ ಇರತದ?" ಅವ್ವ ಕೇಳಿದಳು. ಸುಮಾರು ಮೂರು ವಾರ ಎಂದೆ. ಅಷ್ಟು ದಿನವೂ ತಾಯಿ ಏನೂ ತಿನ್ನುವುದಿಲ್ಲ ಎಂದೆ. ಬಾಯಾಡಿಸುವುದು ತತ್ತಿಗಳನ್ನು ಹೊರಳಿಸಿ ಹೊಸ ನೀರು ತಾಗಿಸಲಿಕ್ಕೆ ಎಂದೆ.

ಆಮೇಲೆ ಹೇಳಬಾರದಿತ್ತೇನೋ, ಹೇಳಿಬಿಟ್ಟೆ. ಸೊಲ್ಲಾಪುರದ ಬಜಾರಿನಲ್ಲಿ ಬುಟ್ಟಿಯಲ್ಲಿ ಮಾರುವ ಚಿಲಾಪಿ ಇದರ ಬಳಗದ್ದೇ. ಅದೂ ಸಿಕ್ಲಿಡ್, ಅದರ ತಾಯಿಯೂ ಮರಿಗಳನ್ನು ಬಾಯಲ್ಲೇ ಹೊರುತ್ತಾಳೆ. ಮಲಾವಿಯಿಂದ ಹೊರಬೀಳುವ ಶೈರ್ ನದಿ ಜಾಂಬೆಜಿಯನ್ನು ಸೇರುತ್ತದೆ. ಚಿಲಾಪಿಯ ತವರು ಆ ಜಾಂಬೆಜಿಯ ಕೆಳದಂಡೆ. 1952ರಲ್ಲಿ ಭಾರತಕ್ಕೆ ತಂದರು, ಇಂದು ಭೀಮೆಯ ಉಜನಿ ಜಲಾಶಯದ ತುಂಬ ಅದೇ. ಅವ್ವ ಮೀನು ತಿಂದವಳಲ್ಲ, ಬಜಾರಿನ ಆ ಸಾಲಿನಲ್ಲಿ ಮೂಗಿಗೆ ಸೆರಗು ಹಿಡಿದು ದಾಟುವವಳು. "ಆ ಬುಟ್ಟ್ಯಾಗಿನ್ವೂ?" ಎಂದಳು. ಹೌದೆಂದೆ. ಬಹಳ ಹೊತ್ತು ಮಾತಾಡಲಿಲ್ಲ.

ಮೀನು ದೊಡ್ಡದಾದರೆ ಸೊಲ್ಲಾಪುರದ ಸಿದ್ಧೇಶ್ವರ ಕೆರೆಗೆ ಬಿಡು, ಪುಣ್ಯ ಬರುತ್ತದೆ ಎಂದು ಹೇಳುವವರಿದ್ದಾರೆ. 12ನೇ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕಟ್ಟಿಸಿದ ಕೆರೆ ಅದು. ನಾನು ಬಿಡಲಾರೆ. ಒಮ್ಮೆ ಬಿಟ್ಟ ಮೀನನ್ನು ಮರಳಿ ಹಿಡಿಯಲಾಗದು ಎನ್ನುವುದಕ್ಕೆ ಉಜನಿಯೇ ಸಾಕ್ಷಿ. ದೂರದಿಂದ ಕರೆತಂದವನು ಕೊನೆಯವರೆಗೂ ಸಾಕಬೇಕು. ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿಗೆ ಏರಿದಾಗ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ; ಮಂಜುಗಟ್ಟಿಸಿದ ಬಾಟಲಿಗಳನ್ನು ತೇಲಿಬಿಡುತ್ತೇನೆ, ಕರೆಂಟು ಹೋದರೆ ಬ್ಯಾಟರಿಯ ಏರ್ ಪಂಪ್ ಹಚ್ಚುತ್ತೇನೆ. ಭಾನುವಾರ ನಾಲ್ಕು ಕೊಡ ನೀರು ಬದಲಿಸುತ್ತೇನೆ. ನಳಕ್ಕೆ ದಿನವೂ ನೀರು ಬಾರದ ಊರಿನಲ್ಲಿ ಇದು ಸಣ್ಣ ಮಾತಲ್ಲ. ತೆಗೆದ ನೀರನ್ನು ಕರಿಬೇವಿಗೆ ಹಾಕುತ್ತೇವೆ. ಮೊದಮೊದಲು ಗೊಣಗುತ್ತಿದ್ದ ಅವ್ವ ಆ ಗುರುವಾರದ ನಂತರ ತಾನೇ ಬೋರಿನ ನೀರು ತುಂಬಿಸಿ ಮೀನಿನ ಕೊಡಗಳೆಂದು ಬೇರೆ ಇಡತೊಡಗಿದಳು.

ನಮ್ಮ ಹೊಳೆಗಳಲ್ಲಿಯೂ ಇದೇ ಬಳಗದ ಮೀನೊಂದಿದೆ. ನೇತ್ರಾವತಿ ಸೀಮೆಯ ಎಟ್ರೋಪ್ಲಸ್ ಕೆನರೆನ್ಸಿಸ್, ಹೆಸರಿನಲ್ಲೇ ಕೆನರಾ ಹೊತ್ತ ಸಿಕ್ಲಿಡ್. ನಮ್ಮ ಕಡೆಯ ಸೋದರ ಜಾತಿಗಳನ್ನು ಬಿಟ್ಟರೆ ಅದರ ಹತ್ತಿರದ ನಂಟರು ಇರುವುದು ಮಡಗಾಸ್ಕರ್‌ನಲ್ಲಿ. ಹೊರದೇಶದ ಹವ್ಯಾಸಿಗಳು ಅದನ್ನು ಅಪರೂಪವೆಂದು ಹುಡುಕಿ ಸಾಕುತ್ತಾರೆ. ಯಾವುದೋ ಪಡಸಾಲೆಯಲ್ಲಿ ನಮ್ಮ ಹೊಳೆಯ ಮೀನೂ ಇಂಪೋರ್ಟೆಡ್.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಅವ್ವ ಕೂಗಿದಳು. ತಾಯಿಯ ಮುಂದೆ ಜೋಳದ ಕಾಳಿಗಿಂತ ತುಸು ಉದ್ದದ ಮರಿಗಳು, ಇಪ್ಪತ್ತೋ ಮೂವತ್ತೋ. ಒಂದೊಂದಕ್ಕೂ ಕಣ್ಣೇ ದೊಡ್ಡದು. ಅವ್ವ ಗಾಜಿನ ಹತ್ತಿರ ಬಾಗಿದಳು. ಹಸಿರು ಸೀರೆಯ ನೆರಳು ನೀರಿಗೆ ಬಿದ್ದದ್ದೇ ತಡ, ತಾಯಿ ಬಾಯಿ ತೆರೆಯಿತು. ಮರಿಗಳೆಲ್ಲ ಒಂದರ ಹಿಂದೊಂದು ಒಳಗೆ ನುಗ್ಗಿದವು. ಗದ್ದ ಮತ್ತೆ ಉಬ್ಬಿತು.

"ನಾ ಸರೀತೀನಿ ತಗೊಳ್ಳವ್ವ," ಎಂದು ಅವ್ವ ಮೀನಿಗೇ ಹೇಳಿ ಹಿಂದೆ ಸರಿದಳು. ಹೊಸ್ತಿಲ ಬಳಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಸ್ವಲ್ಪ ಹೊತ್ತಿಗೆ, ತಿರುಗಿ ನೋಡದೆಯೇ, ದನಿ ತಗ್ಗಿಸಿ ಕೇಳಿದಳು:

"ಬಂದ್ವೇನೋ ಹೊರಗ?"