ಒಮ್ಮೆ ಬಲ್ಲವನು ಎಂದೆಂದೂ ಬಲ್ಲವನೇ?

ಕಲಿತ ವಿದ್ಯೆಯನ್ನು ಕಳ್ಳರು ಕದಿಯಲಾರರು ಎಂದು ಶಾಲೆಯ ಮಕ್ಕಳಿಗೆ 34 ವರ್ಷ ಹೇಳುತ್ತ ಬಂದವನು ನಾನು. ಕಳ್ಳರು ಕದಿಯಲಾರರು, ನಿಜ, ಕಾಲ ಕದಿಯಬಲ್ಲದೇ? ಈ ಪ್ರಶ್ನೆ ನನಗೆ ಎಪ್ಪತ್ತು ದಾಟಿದ ಮೇಲೆ ಭೀಮಾನದಿಯ ನಡುವೆ, ಹರಿಗೋಲಿನಲ್ಲಿ ಕುಳಿತಿದ್ದಾಗ ಎದುರಾಯಿತು.

ಅಕ್ಕಲಕೋಟೆ ತಾಲೂಕಿನ ದಕ್ಷಿಣದ ಅಂಚಿನಲ್ಲಿ ಭೀಮೆ ಹರಿಯುತ್ತಾಳೆ. ಈಚೆ ದಡ ಮಹಾರಾಷ್ಟ್ರ, ಆಚೆ ದಡ ಕರ್ನಾಟಕ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೂ ನಮ್ಮ ಹಿರಿಯರಿಗೆ ಅದು ಗಡಿಯೆನಿಸಲಿಲ್ಲ. ಹೆಣ್ಣು ಕೊಡುವುದು, ತರುವುದು, ಸಂತೆ, ಜಾತ್ರೆ ಎಲ್ಲಕ್ಕೂ ಹರಿಗೋಲೇ ಸೇತುವೆಯಾಗಿತ್ತು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಆ ದುಂಡು ಬುಟ್ಟಿಗೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ಒಂದೇ ಮಗ್ಗುಲಿಗೆ ಹುಟ್ಟು ಹಾಕಿದರೆ ಬುಗುರಿಯಂತೆ ತಿರುಗುತ್ತದೆ. ಎದುರಿಗೆ ಹುಟ್ಟು ಚಾಚಿ, ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತ, ಎಡಬಲ ಸಮನಾಗಿ ಸಾಗಿಸಬೇಕು. ಸೆಳೆವಿದ್ದಾಗ ಮುಟ್ಟಬೇಕಾದ ದಡಕ್ಕಿಂತ ಸಾಕಷ್ಟು ಮೇಲಿನಿಂದ ಹೊರಡಬೇಕು. ಇದನ್ನೆಲ್ಲ ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಕಲಿತೆ. 1972ರ ಬರಗಾಲದಲ್ಲಿ ನದಿ ಬತ್ತಿ, ಜನ ಉಸುಕಿನಲ್ಲಿ ವರತೆ ತೋಡಿ ನೀರು ತುಂಬುವಾಗ ನಮ್ಮ ಹರಿಗೋಲು ಬೇವಿನ ಮರದಡಿ ಬೋರಲಾಗಿ ಬಿದ್ದಿತ್ತು. ಬಳಿಕ ನೌಕರಿಗೆಂದು ಸೋಲಾಪುರ ಸೇರಿದೆ. ಐವತ್ತು ವರ್ಷ ಹುಟ್ಟನ್ನು ಮುಟ್ಟಲಿಲ್ಲ.

ಒಂದು ಸಂಕ್ರಾಂತಿಯಲ್ಲಿ ಸಿದ್ಧರಾಮೇಶ್ವರರ ಗಡ್ಡೆಯ ಜಾತ್ರೆ ಮುಗಿಸಿ ಮೊಮ್ಮಗನೊಡನೆ ಊರಿಗೆ ಹೋಗಿದ್ದೆ. ಮೀನು ಹಿಡಿಯುವ ತರುಣನೊಬ್ಬನ ಹರಿಗೋಲು ದಡದಲ್ಲಿತ್ತು. ತೊಗಲಿನ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ. ಹುಟ್ಟನ್ನು ನನಗೆ ಕೊಡೆಂದೆ. ಅವನು ಎರಡು ಜಾಕೆಟ್ ಮುಂದೆ ಹಿಡಿದು, “ಇವತ್ತ ನೀರ ಬಿಟ್ಟಾರ್ರಿ ಅಜ್ಜಾರ, ಹಾಕ್ಕೊಳ್ರಿ” ಎಂದ. “ನಿಮ್ಮಪ್ಪ ಹುಟ್ಟೂದಕ್ಕ ಮೊದಲ ಈ ಹೊಳಿ ದಾಟೀನಿ” ಎಂದು ನಾನು ನಕ್ಕುಬಿಟ್ಟೆ. ನಾನು ಹಾಕಿಕೊಳ್ಳಲಿಲ್ಲ, ನನ್ನನ್ನು ನೋಡಿ ಮೊಮ್ಮಗನೂ ಹಾಕಿಕೊಳ್ಳಲಿಲ್ಲ.

ಮೊದಲ ಹತ್ತು ಎಳೆತಗಳಲ್ಲಿ ಆನಂದವೇ ಆನಂದ. ಕೈಗೆ ಎಲ್ಲವೂ ನೆನಪಿತ್ತು. ನಡುನೀರಿಗೆ ಬಂದಾಗ ಸೆಳೆವು ಹಿಡಿಯಿತು. ಬಲಭುಜ ಸೋತಿತು, ಎಡಗೈ ಮಾತ್ರ ಎಳೆಯಿತು, ಹರಿಗೋಲು ಗರಗರನೆ ತಿರುಗಿತು. ಮೊಮ್ಮಗ ಅಂಚನ್ನು ಬಿಗಿಯಾಗಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ತರುಣನು ಒಂದು ಮಾತನ್ನೂ ಆಡದೆ ಕೈ ಚಾಚಿದ. ಹುಟ್ಟನ್ನು ಕೊಟ್ಟೆ. ಕೊಡುವ ಮುನ್ನ ಒಂದು ಕ್ಷಣ ತಡೆದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬಹುದೂರ ಕೆಳಗೆ ದಡ ಸೇರಿದಾಗ ಹುಡುಗ ಕೇಳಿದ: “ಅಜ್ಜಾ, ನಿನಗೆ ಬರುತ್ತಿತ್ತೋ, ಬರುತ್ತಿರಲಿಲ್ಲವೋ?”

ಅದಕ್ಕೆ ಅಂದು ಉತ್ತರಿಸಲಾಗಲಿಲ್ಲ. ಈಗ ಯೋಚಿಸಿದರೆ, ಬಲ್ಲೆನೆಂಬ ಒಂದು ಮಾತಿನಲ್ಲಿ ಮೂರು ಸಂಗತಿಗಳನ್ನು ನಾನು ಬೆರೆಸಿದ್ದೆ ಎನಿಸುತ್ತದೆ. ಒಂದು, ಕೈಯ ಕುಶಲತೆ, ಅದು ಉಳಿದಿತ್ತು. ಎರಡು, ದೇಹದ ಬಲ, ಅದು ಹೋಗಿತ್ತು. ಮೂರು, ನದಿಯ ತಿಳಿವಳಿಕೆ. ಅದು ನನ್ನಲ್ಲಿ ಹಾಗೆಯೇ ಇತ್ತು, ಆದರೆ ನದಿಯೇ ಬದಲಾಗಿತ್ತು. ನನ್ನ ಬಾಲ್ಯದ ಭೀಮೆ ಮಳೆ ನೋಡಿ ಏರುತ್ತಿದ್ದಳು, ಸಂಕ್ರಾಂತಿಗೆ ಇಳಿಯುತ್ತಿದ್ದಳು. 1980ರಲ್ಲಿ ಉಜನಿ ಜಲಾಶಯವಾದ ಮೇಲೆ, ಸೋಲಾಪುರ ನಗರದ ಕುಡಿಯುವ ನೀರಿಗಾಗಿ ನದಿಯಲ್ಲೇ ನೀರು ಬಿಡುತ್ತ ಬಂದಿದ್ದರು. ಮೋಡವಿಲ್ಲದ ದಿನವೂ ಹೊಳೆ ಏರುತ್ತಿತ್ತು. ಸೋಲಾಪುರದಲ್ಲಿ ಅದೇ ನೀರನ್ನು ಕುಡಿಯುತ್ತ ಬಂದ ನಾನು ಇದನ್ನು ಯೋಚಿಸಲಿಲ್ಲ. ಆ ತರುಣನು ಬಲ್ಲವನಾಗಿದ್ದ.

ಹಾಗಾದರೆ ವೃದ್ಧರು ದಡದಲ್ಲೇ ಕೂಡಬೇಕೇ? ಹಾಗೆಂದು ನಾನು ಒಪ್ಪಲಾರೆ. ನೌಕಾಪಡೆಯ ಅಭಿಲಾಷ್ ಟಾಮಿಯವರು 2018ರಲ್ಲಿ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಒಂಟಿಯಾಗಿ ಹಾಯಿದೋಣಿ ನಡೆಸುತ್ತಿದ್ದಾಗ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಬೆನ್ನೆಲುಬಿಗೆ ಪೆಟ್ಟು ತಿಂದರು. ಮತ್ತೆ ನಡೆಯುವುದನ್ನೇ ಕಲಿಯಬೇಕಾಯಿತು. ಅವರೇ ಅದೇ ಸ್ಪರ್ಧೆಗೆ ಮರಳಿ, 236 ದಿನ ಕಡಲಲ್ಲಿದ್ದು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಮುಟ್ಟಿದರು. ಮರಳುವುದು ತಪ್ಪಲ್ಲ. ಅವರು ಹೊಸದಾಗಿ ಕಲಿತು ಮರಳಿದರು. ನಾನು ಹಳೆಯ ಹಕ್ಕನ್ನು ಹಿಡಿದು ಮರಳಿದೆ. ಅಲ್ಲದೆ, ಅವರು ಪಣಕ್ಕೊಡ್ಡಿದ್ದು ತಮ್ಮ ಜೀವವನ್ನು. ನಾನು ನನ್ನ ಅಭಿಮಾನಕ್ಕಾಗಿ ಒಂದು ಮಗುವಿನ ಜೀವವನ್ನು ಒಡ್ಡಿದ್ದೆ. ಅನುಭವಕ್ಕೆ ಗೌರವ ಸಲ್ಲಬೇಕು. ಆದರೆ ಆ ಗೌರವದ ಬೆಲೆಯನ್ನು ಬೇರೊಬ್ಬರು ತೆರುವಂತಾಗಬಾರದು.

ಮುಂದಿನ ತಿಂಗಳು ಒಬ್ಬನೇ ಊರಿಗೆ ಹೋದೆ. ಜಾಕೆಟ್ ತೊಟ್ಟು, ದಡದ ನಿಂತ ನೀರಿನಲ್ಲಿ, ಆ ತರುಣನು ಹೇಳಿದಷ್ಟೇ ದೂರ ಹರಿಗೋಲು ನಡೆಸಿದೆ. “ಭುಜ ಬ್ಯಾಡ್ರಿ, ಸೊಂಟದಿಂದ ಎಳೀರಿ” ಎಂದು ಅವನು ತಿದ್ದಿದ. ಎಷ್ಟೋ ವರ್ಷಗಳ ಮೇಲೆ ಒಬ್ಬರು ನನ್ನನ್ನು ತಿದ್ದಿದ್ದರು; ಮನಸ್ಸಿಗೆ ಹಿತವಾಯಿತು.

ಮೊಮ್ಮಗನ ಪ್ರಶ್ನೆಗೆ ಈಗ ಉತ್ತರ ಬರೆದಿದ್ದೇನೆ: “ಬರುತ್ತಿತ್ತು, ಮಗು. ಈಗ ಮತ್ತೆ ಕಲಿಯುತ್ತಿದ್ದೇನೆ.”