ಸಂತಾನವೂ ಶರಣಧರ್ಮವೂ



ಪುತ್ರನಿಲ್ಲದವನಿಗೆ ಸದ್ಗತಿಯಿಲ್ಲವೆಂಬ ನಂಬುಗೆ ನಮ್ಮ ನಾಡಿನಲ್ಲಿ ಬಹು ಪುರಾತನವಾದುದು. ಮಗನು ಪಿಂಡವನ್ನಿಟ್ಟರೆ ತಂದೆಗೆ ಮುಕ್ತಿಯೆಂಬುದೇ ಅದರ ಮೂಲ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವರಿಗೆ ಈ ಭಯವಿಲ್ಲ. ಶರಣಮಾರ್ಗದಲ್ಲಿ ಪಿಂಡವಿಲ್ಲ, ಒಬ್ಬನ ಗತಿಯು ಅವನ ನಡೆಯಲ್ಲಿದೆಯೇ ಹೊರತು ಮಗನ ಕೈಯಲ್ಲಿಲ್ಲ. ಆದುದರಿಂದ ಮಕ್ಕಳು ಬೇಕೆ ಬೇಡವೆ ಎಂದು ಸತಿಪತಿಗಳು ಕುಳಿತು ಆಲೋಚಿಸುವುದು ಧರ್ಮಬಾಹಿರವಲ್ಲ.

ಆದರೆ ಆ ಆಲೋಚನೆ ಯಾವ ಭಾವದಿಂದ ಹುಟ್ಟಿತೆಂಬುದನ್ನು ಪರೀಕ್ಷಿಸಿಕೊಳ್ಳಬೇಕು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಹಿಂದಿರುಗಿಸಲು ಹೇಳಿದರು. ಪತಿಯು ಒಪ್ಪಿ ನಡೆದರು. ಇದರಲ್ಲಿ ನಮಗೆ ಎರಡು ಪಾಠಗಳುಂಟು. ಸಂಸಾರದ ನಿರ್ಣಯದಲ್ಲಿ ಸತಿಯ ಮಾತಿಗೆ ಸಮನಾದ ತೂಕವಿದೆ. ಹೊರುವ ಒಡಲು ಅವಳದಾಗಿರುವಲ್ಲಿ ಅದು ಇನ್ನೂ ಹೆಚ್ಚು. ಎರಡನೆಯದು, ಬಯಸುವುದು ದಾಸೋಹಕ್ಕೋ ಆಸೆಗೋ ಎಂಬ ಪ್ರಶ್ನೆ. ಆಸ್ತಿಗೆ ವಾರಸುದಾರ ಬೇಕು, ಮುಪ್ಪಿಗೆ ಊರುಗೋಲು ಬೇಕು, ನೆರೆಯವರ ಬಾಯಿ ಮುಚ್ಚಬೇಕು ಎಂದು ಮಗುವನ್ನು ಬಯಸುವುದು ಆ ಹೆಚ್ಚಿನ ಅಕ್ಕಿಯಂತೆಯೇ. ಯಾರ ಹೊಣೆಯೂ ನನಗೆ ಬೇಡವೆಂಬ ಸ್ವಸುಖದಿಂದ ಒಲ್ಲೆನೆನ್ನುವುದೂ ಅದೇ ಆಸೆಯ ಇನ್ನೊಂದು ಮುಖ.

ಗರ್ಭದ ಎಂಟನೆಯ ತಿಂಗಳಲ್ಲಿಯೇ ಶಿಶುವಿಗೆ ಲಿಂಗಸಂಸ್ಕಾರ ಮಾಡುವ ಪದ್ಧತಿ ನಮ್ಮಲ್ಲುಂಟು. ಹುಟ್ಟುವ ಮುನ್ನವೇ ಆ ಜೀವ ಶಿವನದು. ತಾಯಿತಂದೆಗಳು ಅದರ ಒಡೆಯರಲ್ಲ, ಸೇವಕರು. ಈ ಸೇವೆಗೆ ಮನವೊಪ್ಪಿದವರು ಧೈರ್ಯವಾಗಿ ಮಕ್ಕಳನ್ನು ಪಡೆಯಲಿ. ಒಪ್ಪದವರನ್ನೂ ಪಡೆಯಲಾಗದವರನ್ನೂ ಯಾರೂ ಹಳಿಯದಿರಲಿ. 1956ರ ದತ್ತಕ ಕಾಯಿದೆಯು ಹೆಣ್ಣುಮಗುವನ್ನು ದತ್ತು ಪಡೆಯಲೂ ಅವಕಾಶವಿತ್ತಿದೆ. ಆ ಬಾಗಿಲೂ ತೆರೆದಿದೆ.

ಮಾಗಡಿ ಸೀಮೆಯ ತಿಮ್ಮಕ್ಕನವರಿಗೆ ಮಕ್ಕಳಾಗಲಿಲ್ಲ. ಪತಿಯೊಡನೆ ಹುಲಿಕಲ್ಲು ಕುದೂರು ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಸಲಹಿದರು. 2019ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದಿತು. 2025ರಲ್ಲಿ ಅವರು ಕಣ್ಮರೆಯಾದರು, ನೆರಳು ಉಳಿದಿದೆ. ಆ ತಾಯಿಯನ್ನು ಬಂಜೆಯೆನ್ನಲು ಯಾವ ನಾಲಗೆ ಏಳುವುದು?

ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಮದುವೆಯಾಗಿ ವರ್ಷ ತುಂಬಿದೊಡನೆ ಸೊಸೆಯ ಮಡಿಲನ್ನು ನೋಡುವುದನ್ನು ಬಿಡಿ. ತೊಟ್ಟಿಲು ತೂಗಿದ ಮನೆಯಲ್ಲಿಯೂ ತೂಗದ ಮನೆಯಲ್ಲಿಯೂ ದಾಸೋಹ ನಡೆದಿದೆಯೆ ಎಂಬುದನ್ನು ನೋಡಿ.